ವಿದೇಶದ ಬಸ್ ಪ್ರವಾಸ: ಗೈಡ್ ಬೇಕೋ, ಬೇಡವೋ?

ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಬಲ್ಲವರೊಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿ ತೋರಿಸದಿದ್ದರೆ, ಎದುರು ಬದಿಯಲ್ಲಿ ಕಿವಿಗೊಟ್ಟು ನಿಲ್ಲಬೇಕೆಂಬುದು ಹೊಸಬರಿಗೆ ಹೊಳೆಯುವುದಿಲ್ಲ. ವಿಜಯಪುರದಿಂದ ಯುರೋಪಿನ ಬಸ್ ಪ್ರವಾಸಕ್ಕೆ ಹೊರಡುವವರು ಮುಂಗಡ ಕಟ್ಟುವ ಮೊದಲು ಇದನ್ನು ನೆನೆಯಬೇಕು. ರೋಮ್ ನಗರದ ಕೊಲೋಸಿಯಂನಂತಹ ಕಡೆ ಗೈಡ್ ಇಲ್ಲದಿದ್ದರೆ ಕಾಣುವುದು ಬರೀ ಕಲ್ಲು. ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಸುತ್ತಲಿನ ಬೆಟ್ಟ, ಸರೋವರಗಳಿಗೆ ಯಾರ ವಿವರಣೆಯೂ ಬೇಡ.

ಟೂರ್ ಮ್ಯಾನೇಜರ್ ಬೇರೆ, ಗೈಡ್ ಬೇರೆ ಎಂಬುದನ್ನು ಮುಖ್ಯವಾಗಿ ತಿಳಿದಿರಬೇಕು. ಇಲ್ಲಿಂದ ಜೊತೆಗೆ ಬರುವ ಮ್ಯಾನೇಜರ್ ಹೋಟೆಲು, ಊಟ, ಲಗೇಜು ನೋಡಿಕೊಳ್ಳುತ್ತಾರೆ. ಆದರೆ ಇಟಲಿಯಲ್ಲಿ ಪರವಾನಗಿ ಪಡೆದ ಗೈಡ್ ಮಾತ್ರ ವೃತ್ತಿಯಾಗಿ ಸ್ಮಾರಕಗಳನ್ನು ವಿವರಿಸಬಹುದು. ಆದ್ದರಿಂದ ಯಾವ ಊರಿನಲ್ಲಿ, ಎಷ್ಟು ಗಂಟೆ, ಯಾವ ಭಾಷೆಯ ಸ್ಥಳೀಯ ಗೈಡ್ ಇರುತ್ತಾರೆ, ಪ್ರವೇಶ ಟಿಕೆಟ್ ದರ ಸೇರಿದೆಯೇ ಎಂಬುದನ್ನು ಬರಹದಲ್ಲಿಯೇ ಪಡೆಯಿರಿ.

ಗೈಡ್ ಇಲ್ಲದ ಪ್ರವಾಸ ಅಗ್ಗವೆನಿಸುತ್ತದೆ, ಆದರೆ ದಾರಿ ಹುಡುಕುವ ಹೊಣೆ ನಮ್ಮದೇ. ವೆನಿಸ್‌ನಲ್ಲಿ ಪ್ರವಾಸಿ ಬಸ್ಸು ಸಾಮಾನ್ಯವಾಗಿ ಟ್ರೊಂಕೆಟ್ಟೊ ದ್ವೀಪದಲ್ಲಿ ನಿಲ್ಲುತ್ತದೆ. ಊರಿನ ಮುಖ್ಯ ಚೌಕವಾದ ಸೇಂಟ್ ಮಾರ್ಕ್ ಚೌಕಕ್ಕೆ ಅಲ್ಲಿಂದ ಹೆಚ್ಚಿನವರು ದೋಣಿ ಹಿಡಿಯುತ್ತಾರೆ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಈ ಉಳಿತಾಯ ನನಗಂತೂ ಬೇಡ. ಚಾಲಕರನ್ನು ಪುಸಲಾಯಿಸಿ ಇನ್ನೊಂದು ಊರು ನೋಡುತ್ತೇವೆ ಎಂಬ ಲೆಕ್ಕಾಚಾರವೂ ಅಲ್ಲಿ ನಡೆಯದು: ಯುರೋಪಿನ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ವಿರಾಮ ಕಡ್ಡಾಯ, ದಿನದ ಚಾಲನೆಯ ಮಿತಿ ಸಾಮಾನ್ಯವಾಗಿ 9 ಗಂಟೆ.

ಇಂಗ್ಲಿಷ್ ಮತ್ತು ಮೊಬೈಲ್ ನಕ್ಷೆ ಎರಡನ್ನೂ ಸಲೀಸಾಗಿ ಬಳಸುವ ಒಬ್ಬರಾದರೂ ಗುಂಪಿನಲ್ಲಿದ್ದರೆ, ಗೈಡ್ ಇಲ್ಲದ ಪ್ರವಾಸ ಆರಿಸಿಕೊಂಡು, ರೋಮ್‌ನಲ್ಲಿ ಮಾತ್ರ ಅರ್ಧ ದಿನಕ್ಕೆ ಗೈಡ್ ಗೊತ್ತುಮಾಡಿಕೊಳ್ಳಬಹುದು.