ಕುದುರೆಯ ಹೊಟ್ಟೆನೋವು ದಿಢೀರನೆ ನಿಂತರೆ ನಂಬಬೇಡಿ

ನನ್ನ ಕಂದು ಕುದುರೆ ರಾತ್ರಿಯೆಲ್ಲಾ ಹೊರಳಾಡಿ, ಬೆಳಗಿನ ಜಾವ ಸುಮ್ಮನೆ ನಿಂತಳು. ನೋವು ಹೋಯಿತು ಅಂದುಕೊಂಡೆ. ಆದರೆ ಮೈಯೆಲ್ಲಾ ತಣ್ಣನೆ ಬೆವರು, ಒಸಡು ನೀಲಿಗೆಂಪು. ಜಠರ ಒಡೆದಿತ್ತು. ಆಮೇಲೆ ಉಳಿಸುವ ದಾರಿಯಿಲ್ಲ.

ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಅಲ್ವಾ? ತುಂಬಿದ ಗ್ಯಾಸ್, ನೀರು ಹೊರಗೆ ಬರುವುದಿಲ್ಲ. ಹಾಗಾಗಿ ಕಾಲಲ್ಲಿ ನೆಲ ಕೆರೆಯುವುದು, ಹೊಟ್ಟೆಯತ್ತ ತಿರುಗಿ ನೋಡುವುದು ಶುರುವಾದಾಗಲೇ ಪಶುವೈದ್ಯರಿಗೆ ಫೋನ್ ಮಾಡಿ. ಮೇವು ತೆಗೆಯಿರಿ. ಬಾಯಿಗೆ ಎಣ್ಣೆ, ಔಷಧಿ ಏನೂ ಸುರಿಯಬೇಡಿ.

ಎಡ ಮೊಣಕೈ ಹಿಂದೆ ಕೈಯಿಟ್ಟು 15 ಸೆಕೆಂಡ್ ಎದೆಬಡಿತ ಎಣಿಸಿ, 4ರಿಂದ ಗುಣಿಸಿ. ಬೆಳೆದ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ. 60 ದಾಟಿದ್ದರೆ ಫೋನಿನಲ್ಲೇ ಹೇಳಿ. ವೈದ್ಯರು ಮೂಗಿನಿಂದ ಕೊಳವೆ ಇಳಿಸಿ ಒತ್ತಡ ತೆಗೆಯಬಲ್ಲರು.