ನೇತ್ರಾಣಿಯಲ್ಲಿ ಸೆಳೆತದ ಜೊತೆ ಡೈವ್ ಮಾಡುವವರಿಗೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಡುವ ಅನುಭವಿ ಡೈವರ್‌ಗಳಿಗೆ ಒಂದು ಮಾತು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ-ಇಳಿತ ಜಾಸ್ತಿ, ಹಾಗಾಗಿ ಸೆಳೆತವೂ ಜೋರಿರಬಹುದು. ಅದಕ್ಕೆ ಎದುರಾಗಿ ಈಜಿ ಗಾಳಿ ಖಾಲಿ ಮಾಡಿಕೊಳ್ಳಬೇಡಿ. ತಳಕ್ಕೆ ಹತ್ತಿರ ಇರಿ, ಸಾಮಾನ್ಯವಾಗಿ ಅಲ್ಲಿ ನೀರಿನ ಓಟ ಸ್ವಲ್ಪ ಕಡಿಮೆ.

ಎಲ್ಲಕ್ಕಿಂತ ಮುಖ್ಯ ಮಾರ್ಕರ್ ಬಲೂನ್, ಅಂದರೆ ನೀವು ಎಲ್ಲಿದ್ದೀರಿ ಅಂತ ದೋಣಿಯವರಿಗೆ ತೋರಿಸಲು ನೀರಿನಡಿಯಿಂದ ದಾರ ಕಟ್ಟಿ ಮೇಲೆ ಬಿಡುವ ಬಲೂನ್. ಸುಮ್ನೆ ಜೇಬಲ್ಲಿಟ್ಟುಕೊಂಡರೆ ಸಾಲದು. ಸೇಫ್ಟಿ ಸ್ಟಾಪ್‌ಗೆ (ಮೇಲೆ ಬರುವ ಮುನ್ನ ಸ್ವಲ್ಪ ಹೊತ್ತು ಆಳದಲ್ಲೇ ತಡೆಯುವುದು) ಮುಂಚೆಯೇ ಮೇಲೆ ಬಿಡಿ. ಆಗ ನೀವು 5 ಮೀಟರ್ ಆಳದಲ್ಲಿ 3 ನಿಮಿಷ ತೇಲಿಕೊಂಡು ಹೋಗುತ್ತಿದ್ದರೂ ದೋಣಿಯವರು ಹಿಂದೆಯೇ ಬರಬಹುದು. ಬಿಡುವ ಮುನ್ನ ಒಮ್ಮೆ ತಲೆ ಎತ್ತಿ ನೋಡಿ, ಮೇಲೆ ಯಾರೂ ಇರಬಾರದು. ದಾರ ಬೆರಳಿಗೆ ಸುತ್ತಿರಬಾರದು, ದಾರ ಸುತ್ತಿದ ರೀಲನ್ನು ಜಾಕೆಟ್‌ಗೆ ಕ್ಲಿಪ್ ಮಾಡಿರಲೂಬಾರದು. ರೀಲ್ ಸಿಕ್ಕಿಕೊಂಡಿತಾ? ತಕ್ಷಣ ಕೈಬಿಡಿ. ಬಲೂನ್ ಹೋದರೆ ಇನ್ನೊಂದು ತರಬಹುದು. ಅದರ ಜೊತೆ ನೀವೂ ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶಕ್ಕೇ ಅಪಾಯ ಅಲ್ವಾ?

ಗಾಳಿ ಎದ್ದಾಗ ಬಿಳಿ ನೊರೆಯ ನಡುವೆ ಬರೀ ತಲೆ ದೂರಕ್ಕೆ ಕಾಣುವುದಿಲ್ಲ. ಕಿತ್ತಳೆ ಬಣ್ಣದ ಉದ್ದ ಬಲೂನ್ ಕಾಣುತ್ತದೆ. ಜೊತೆಗೆ ಸೀಟಿಯೂ ಇರಲಿ.

ಇನ್ನೊಂದು, ದೋಣಿ ಲಂಗರು ಹಾಕಿ ನಿಲ್ಲುತ್ತದಾ, ನಿಮ್ಮ ಹಿಂದೆ ಬರುತ್ತದಾ ಅಂತ ಇಳಿಯುವ ಮೊದಲೇ ಕೇಳಿ. ನಿಲ್ಲುವುದಾದರೆ ಡ್ರಿಫ್ಟ್, ಅಂದರೆ ಸೆಳೆತದ ಜೊತೆ ತೇಲಿಕೊಂಡು ಹೋಗುವ ಡೈವ್, ಬೇಡವೇ ಬೇಡ.