ಸ್ವಂತ ಕೈಯಲ್ಲಿ ಕಟ್ಟುವ ವಿಮಾನ: ಎಂಜಿನ್ ವ್ಯವಸ್ಥೆಯನ್ನು ಅರಿಯುವ ಬಗೆ

ಗ್ಯಾರೇಜಿನಲ್ಲಿ ವಿಮಾನ ಕಟ್ಟುವ ಹವ್ಯಾಸಿಗಳು ರೆಕ್ಕೆ, ಬಾಲಗಳಿಗೆ ಸಾವಿರಾರು ರಿವೆಟ್ ಹೊಡೆದು ಕೈ ಪಳಗಿಸಿಕೊಂಡಿರುತ್ತಾರೆ. ಎಂಜಿನ್ನಿನ ಪೆಟ್ಟಿಗೆ ಬಿಚ್ಚಿದ ದಿನ ಮಾತ್ರ ಮತ್ತೆ ಹೊಸಬರಾಗಿಬಿಡುತ್ತಾರೆ. ಅಮೆರಿಕದಲ್ಲಿ ಇಂಥ ವಿಮಾನದ ಮುಖ್ಯ ನಿರ್ಮಾತೃವು ಅರ್ಹತಾಪತ್ರ ಪಡೆದು ವಾರ್ಷಿಕ ತಪಾಸಣೆಗೆ ತಾನೇ ಸಹಿ ಹಾಕಬಹುದಾದ್ದರಿಂದ, ಎಂಜಿನ್ನನ್ನು ಅರಿಯದೆ ಅವರಿಗೆ ಗತ್ಯಂತರವಿಲ್ಲ. ಬಿಡಿಭಾಗಗಳ ಕಟ್ಟಾಗಿ ಕೊಂಡು ಜೋಡಿಸುವ ಕಿಟ್ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವ, ಆಸ್ಟ್ರಿಯಾದ ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್ನನ್ನೇ ಇಲ್ಲಿ ಉದಾಹರಣೆಗೆ ಇಟ್ಟುಕೊಳ್ಳೋಣ. ನಾಲ್ಕು ಸಿಲಿಂಡರಿನ, 1352 ಸಿಸಿಯ ಈ ಎಂಜಿನ್ 100 ಅಶ್ವಶಕ್ತಿ ಕೊಡುತ್ತದೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಹಂಸ–3 ವಿಮಾನದಲ್ಲಿರುವುದು ಇದೇ ಕುಟುಂಬದ ಟರ್ಬೊ ಎಂಜಿನ್ 914.

ಸ್ಪ್ಯಾನರ್ ಮುಟ್ಟುವ ಮುನ್ನ, ಎಂಜಿನ್ನಿನ ಒಂದೊಂದು ವ್ಯವಸ್ಥೆಯ ನಕ್ಷೆ ಬರೆಯಲು ದೊಡ್ಡದೊಂದು ಹಾಳೆಯನ್ನೂ ಬಣ್ಣದ ಪೆನ್ಸಿಲ್‌ಗಳನ್ನೂ ತೆಗೆದುಕೊಳ್ಳಿ. ಹಾಳೆಯ ನಡುವೆ ಎಳೆಯುವ ಗೆರೆಯೇ ಫೈರ್‌ವಾಲ್, ಅಂದರೆ ಎಂಜಿನ್ನಿಗೂ ಪೈಲಟ್ಟಿಗೂ ನಡುವಿನ ಬೆಂಕಿತಡೆ. ಆ ಗೆರೆಯನ್ನು ದಾಟುವ ಪ್ರತಿಯೊಂದು ಪೈಪು, ತಂತಿ, ಕೇಬಲ್ಲಿಗೆ ಒಂದು ಸುತ್ತು ಹಾಕಿ. ಬೆಂಕಿ ನುಸುಳದಂತೆ ಮುಚ್ಚಬೇಕಾದ ರಂಧ್ರಗಳು ಅವೇ.

ಬಹುತೇಕರು ಇಂಧನದಿಂದ ಆರಂಭಿಸುತ್ತಾರೆ. ಆಯಿಲ್‌ನಿಂದ ಆರಂಭಿಸುವುದು ಲೇಸೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಈ ಎಂಜಿನ್ನಿನಲ್ಲಿ ಆಯಿಲ್ ತಳದಲ್ಲಿ ನಿಲ್ಲದೆ ಹೊರಗಿನ ಟ್ಯಾಂಕಿನಲ್ಲಿರುತ್ತದೆ. ಪಂಪು ಅದನ್ನು ಟ್ಯಾಂಕಿನಿಂದ ಕೂಲರಿನ ಮೂಲಕ ಹೀರಿಕೊಂಡು, ಫಿಲ್ಟರ್ ದಾಟಿಸಿ ಬೇರಿಂಗುಗಳಿಗೆ ತಳ್ಳುತ್ತದೆ. ಕೂಲರ್ ಹೀರುವ ಬದಿಯಲ್ಲಿದೆ ಎಂಬುದನ್ನು ಗಮನಿಸಿ: ಅಲ್ಲಿನ ಜೋಡಣೆ ಸಡಿಲವಾದರೆ ಎಂಜಿನ್ ಓಡುವಾಗ ಆಯಿಲ್ ಸೋರುವುದರ ಬದಲು ಗಾಳಿ ಒಳಸೇರಬಹುದು. ಆಗ ನೆಲದ ಮೇಲೆ ಒಂದು ಹನಿಯೂ ಕಾಣದಿದ್ದರೂ ಒತ್ತಡದ ಮುಳ್ಳು ಇಳಿಯುತ್ತದೆ. ಆಯಿಲ್ ಟ್ಯಾಂಕಿಗೆ ಮರಳುವುದಕ್ಕೆ ಬೇರೆ ಪಂಪಿಲ್ಲ; ಪಿಸ್ಟನ್ ರಿಂಗುಗಳನ್ನು ದಾಟಿ ಬರುವ ಅನಿಲದ ಒತ್ತಡವೇ ಅದನ್ನು ಹಿಂದಕ್ಕೆ ನೂಕುತ್ತದೆ.

ಇದನ್ನು ಕಿವಿಯಾರೆ ಕೇಳಬಹುದು. ಇಂಧನಕ್ಕೆ ಕಿಡಿ ಹಚ್ಚುವ ವ್ಯವಸ್ಥೆಯ, ಅಂದರೆ ಇಗ್ನಿಷನ್ನಿನ, ಎರಡೂ ಸ್ವಿಚ್‌ಗಳು ಆರಿವೆಯೆಂದು ಖಚಿತಪಡಿಸಿಕೊಂಡು, ಟ್ಯಾಂಕಿನ ಮುಚ್ಚಳ ತೆಗೆದು, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ಹಲವು ಸುತ್ತು ತಿರುಗಿಸಿದರೆ ಟ್ಯಾಂಕಿನೊಳಗೆ ಗುಳುಗುಳು ಸದ್ದು ಬರುತ್ತದೆ. ತಳದಲ್ಲಿ ಉಳಿದಿದ್ದ ಆಯಿಲ್ ಮರಳಿ, ಅದರ ಬೆನ್ನಿಗೆ ಗಾಳಿ ಬಂತೆಂದು ಅರ್ಥ. ಅಳತೆ ಕಡ್ಡಿ ತೋರಿಸುವ ಮಟ್ಟವನ್ನು ಆಮೇಲೆ ನಂಬಬಹುದು.

ಈಗ ಇಂಧನದ ಗೆರೆ ಎಳೆಯಿರಿ: ಟ್ಯಾಂಕು, ಫಿಲ್ಟರು, ನೆರವಿಗಿರುವ ವಿದ್ಯುತ್ ಪಂಪು, ಗೇರ್‌ಬಾಕ್ಸಿನ ಮೇಲಿನ ಯಾಂತ್ರಿಕ ಪಂಪು, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಕಾರ್ಬುರೇಟರು. ಬಿಸಿಗೆ ಪೆಟ್ರೋಲ್ ಆವಿಯಾಗಿ ಹರಿವು ತಡೆಯದಿರಲೆಂದು ಟ್ಯಾಂಕಿಗೆ ಮರಳುವ ಸಣ್ಣ ಪೈಪನ್ನೂ ಸೇರಿಸಿ. ಈ ಗೆರೆ ಆಯಿಲ್‌ನ ಗೆರೆಯನ್ನು ಎಲ್ಲಿಯೂ ಮುಟ್ಟುವುದಿಲ್ಲವೆಂದು ತೋರುತ್ತದೆ. ಆದರೆ ಸೀಸವಿರುವ ವಿಮಾನ ಪೆಟ್ರೋಲನ್ನು ಹೆಚ್ಚಾಗಿ ಸುಟ್ಟರೆ ಸೀಸದ ಗಷ್ಟು ಆಯಿಲ್‌ಗೆ ಸೇರುತ್ತದೆ. ಗೇರ್‌ಬಾಕ್ಸಿಗೂ ಅದೇ ಆಯಿಲ್ ಆದ್ದರಿಂದ 100 ಗಂಟೆಗೊಮ್ಮೆ ಮಾಡುವ ಬದಲಾವಣೆಯನ್ನು 50 ಗಂಟೆಗೇ ಮಾಡಬೇಕಾಗುತ್ತದೆ.

ತಂಪುಗೊಳಿಸುವ ವ್ಯವಸ್ಥೆ ಸರಳವಾದುದು: ಸಿಲಿಂಡರಿನ ತಲೆಗಳಿಗೆ ಕೂಲಂಟ್, ಮೈಗೆ ಗಾಳಿ. ರಬ್ಬರ್ ಹೋಸ್‌ಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ಇಗ್ನಿಷನ್ನಿನ ಮುಂದೆ ಹೆಚ್ಚು ಹೊತ್ತು ಕೂರಬೇಕು. ಪ್ರತಿ ಸಿಲಿಂಡರಿಗೆ ಎರಡು ಪ್ಲಗ್, ಅವಕ್ಕೆ ಎರಡು ಪ್ರತ್ಯೇಕ ಸರ್ಕ್ಯೂಟ್. ಎರಡಕ್ಕೂ ವಿದ್ಯುತ್ ಬರುವುದು ಎಂಜಿನ್ನಿನೊಳಗಿನ ಅವುಗಳದ್ದೇ ಸುರುಳಿಗಳಿಂದ. ಹೀಗಾಗಿ ಹಾರಾಟದ ನಡುವೆ ಬ್ಯಾಟರಿ ಸತ್ತರೂ ಕಿಡಿ ನಿಲ್ಲುವುದಿಲ್ಲ, ಯಾಂತ್ರಿಕ ಪಂಪೂ ನಿಲ್ಲುವುದಿಲ್ಲ. ಮನೆಯ ದೀಪದ ಸ್ವಿಚ್ಚಿಗೆ ಒಗ್ಗಿದವರಿಗೆ ಇಲ್ಲಿನ ಕ್ರಮ ತಲೆಕೆಳಗಾಗಿ ಕಾಣುತ್ತದೆ: ಸ್ವಿಚ್ ಆರಿಸಿದಾಗ ತಂತಿಯೊಂದು ಎಂಜಿನ್ನಿನ ಮೈಗೆ ತಾಗಿ ಕಿಡಿಯನ್ನು ಕೊಲ್ಲುತ್ತದೆ. ಆ ತಂತಿ ತುಂಡಾದರೆ ಸ್ವಿಚ್ ಆರಿದ್ದರೂ ಇಗ್ನಿಷನ್ ಜೀವಂತ. ಆದ್ದರಿಂದಲೇ ಪ್ರೊಪೆಲ್ಲರಿಗೆ ಕೈ ಹಚ್ಚುವಾಗಲೆಲ್ಲ ಎಂಜಿನ್ ಹೊತ್ತಿಕೊಳ್ಳಬಹುದೆಂದೇ ಎಣಿಸಿ ನಿಲ್ಲಬೇಕು.

ಕೊನೆಗೆ, ಎಂಜಿನ್ನಿನ ಶಕ್ತಿಯನ್ನು ಏರಿಳಿಸುವ ಥ್ರಾಟಲ್‌ನ ಕೇಬಲ್. ಈ ಕಾರ್ಬುರೇಟರುಗಳ ಸ್ಪ್ರಿಂಗ್ ಥ್ರಾಟಲನ್ನು ಪೂರ್ತಿ ತೆರೆಯುವ ಕಡೆಗೆ ಎಳೆಯುವುದರಿಂದ, ಕೇಬಲ್ ಕಡಿದರೆ ಎಂಜಿನ್ ಪೂರ್ಣ ಶಕ್ತಿಗೆ ಏರುತ್ತದೆ. ಆಗ ಪೈಲಟ್ಟು ಓಟಪಥದ ಹತ್ತಿರಕ್ಕೆ ಬಂದು, ಸಾಕಷ್ಟು ಎತ್ತರವಿರುವಾಗಲೇ ಇಗ್ನಿಷನ್ ಆರಿಸಿ ತೇಲುತ್ತ ಇಳಿಯಬೇಕು. ಥ್ರಾಟಲಿಗೂ ಆ ಎರಡು ಸ್ವಿಚ್‌ಗಳಿಗೂ ನಡುವೆ ಯಾವ ತಂತಿಯೂ ಇಲ್ಲದಿದ್ದರೂ ಹಾಳೆಯ ಮೇಲೆ ಅವೆರಡನ್ನೂ ಕೂಡಿಸಿ ಒಂದು ಚುಕ್ಕಿಗೆರೆ ಎಳೆದುಕೊಳ್ಳಿ.